ಜಡಿಯ ಕರಾರು

ಎಂಬತ್ತರ ದಶಕದ ಮಾತು. ಎಣ್ಣೆ ಕಾಣದೆ, ಹೇನು ಬಿದ್ದು, ಕೆರೆದು ಕೆರೆದು ನನ್ನ ನೆತ್ತಿಯ ಕೂದಲು ಹಗ್ಗದ ಹಾಗೆ ಗಂಟುಗಟ್ಟಿತು. ಅಷ್ಟೇ ಆದದ್ದು. ನಮ್ಮ ಅಥಣಿ ಕಡೆ ಅದಕ್ಕೆ ಜಡಿ ಎನ್ನುತ್ತಿದ್ದರು, ಎಲ್ಲಮ್ಮ ಒಲಿದಳು ಎನ್ನುತ್ತಿದ್ದರು. ಅಪ್ಪನ ತಾಯಿ, ನಮ್ಮ ಆಯಿ, ಕುಣಿದಾಡಿದಳು.

"ಕೊಕಟನೂರ ಎಲ್ಲಮ್ಮನ ಗುಡಿಗೆ ಒಯ್ದು ಮುತ್ತು ಕಟ್ಟಸೂಣು. ದೇವರಿಗೆ ಬಿಟ್ಟ ಹುಡುಗಿ ದುಡದು ಹಾಕತಾಳ."

ಅಂಥ ಹುಡುಗಿಯರು ಏನು ದುಡಿಯುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಅವ್ವ ಒಂದೇ ಮಾತಿಗೆ ಜೋತುಬಿದ್ದಳು: "ಆಕಿ ಸಾಲಿಗೆ ಹೋಗೂವಷ್ಟ ದಿನಾ ಆಕಿನ್ನ ಮುಟ್ಟಬ್ಯಾಡ್ರಿ."

ಆದರೆ ಹೆಡ್‌ಮಾಸ್ತರು ಹೇನಿನ ನೆಪ ಹೇಳಿ ನನ್ನ ಹೆಸರು ಹೊಡೆದುಹಾಕಿದರು. ಅವ್ವ ಕಾಲು ಹಿಡಿದಳು. ದಸರೆಯೊಳಗೆ ಜಡಿ ತೆಗೆಸಬೇಕೆಂಬ ಕರಾರಿನ ಮೇಲೆ ಮತ್ತೆ ಸೇರಿಸಿಕೊಂಡರು. ಕಟಿಂಗ್ ಅಂಗಡಿಯವನು ನನ್ನನ್ನು ನೋಡಿದೊಡನೆ ಕೈಮುಗಿದ. ಜಡಿಗೆ ಕತ್ತರಿ ಹಾಕಿದವರ ಮೇಲೆ ಎಲ್ಲಮ್ಮ ಮುನಿಯುತ್ತಾಳೆಂದು ಅವ್ವನಿಗೂ ಧೈರ್ಯ ಬರಲಿಲ್ಲ. ದಸರೆ ಹೋಯಿತು, ದೀಪಾವಳಿ ಹೋಯಿತು, ಮಾಸ್ತರು ಕೇಳಲಿಲ್ಲ. ಕೇಳುವುದೆಲ್ಲಿ ಬಂತು! ಮಗಳ ಮದುವೆಗೆ ಮುಂಚೆ ನನ್ನನ್ನೇ ಮನೆಗೆ ಕರೆದು, ನನ್ನ ಕೈಯಿಂದ ಹಣೆಗೆ ಎಲ್ಲಮ್ಮನ ಭಂಡಾರ ಹಚ್ಚಿಸಿಕೊಂಡಿದ್ದರು.

ಆಮೇಲೆ ಚಿಕ್ಕೋಡಿಯಿಂದ ಸಾಹೇಬರು ಸಾಲಿ ನೋಡಲು ಬಂದರು. ನನ್ನ ತಲೆ ಕಂಡು, ಎಲ್ಲರೆದುರಿಗೆ ಮಾಸ್ತರಿಗೆ ಛೀಮಾರಿ ಹಾಕಿದರು. ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ಮಾಸ್ತರು ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯನ್ನು ನನ್ನ ಮುಂದೆ ಎಸೆದರು. ತಾವು ಮುಟ್ಟಲಿಲ್ಲ, ಜಾಣರು!

"ಕರಾರು ಮರತಿ ಏನ ಬೇ? ನೀನ ಕತ್ತರಸ್ಕೋ. ಇಲ್ಲಾಂದ್ರ ನಡಿ ಮನಿಗೆ."

ಮನೆಯಲ್ಲಿ ಆಯಿ ಕಾಯುತ್ತಿದ್ದಳು. ಕತ್ತರಿ ಎತ್ತಿಕೊಂಡೆ. ಮೊಂಡು ಕತ್ತರಿ, ಎರಡೂ ಕೈಯಿಂದ ಅದುಮಬೇಕಿತ್ತು. ಕಿವಿ ಕೊಯ್ದು ರಕ್ತ ಹೆಗಲಿಗಿಳಿಯಿತು. ಹುಡುಗರು ನಗುತ್ತಿದ್ದರು. ನಾನು ಅಳಲಿಲ್ಲ. ಸಾಲಿ ಉಳಿಯಿತಲ್ಲ ಎಂದು ಖುಷಿಯಾಗಿತ್ತು ನನಗೆ, ಹುಚ್ಚಿ! ಜಡಿ ನೆಲಕ್ಕೆ ಬಿದ್ದಾಗ ಯಾರೂ ನಗಲಿಲ್ಲ.

ಒಳಗೆ ಹೆಜ್ಜೆ ಇಡಬೇಕು, ಮಾಸ್ತರು ಬಾಗಿಲಿಗೆ ಕೈ ಅಡ್ಡ ಹಿಡಿದರು. ಮುಖ ಬಿಳಿಚಿಕೊಂಡಿತ್ತು.

"ಹಂಗ ಒಳಗ ಬರಬ್ಯಾಡ ತಾಯಿ. ನನಗೂ ಮಕ್ಕಳ ಅದಾವು. ಮದಲ ಕೊಕಟನೂರಿಗೆ ಹೋಗಿ ಅದನ್ನ ಎಲ್ಲಮ್ಮನ ಪಾದಕ್ಕ ಹಾಕಿ ಬಾ."

"ಕರಾರು ಮುಗೀತಲ್ರಿ ಸರ," ಎಂದೆ.

ಬಾಗಿಲು ಹಾಕಿಕೊಂಡರು. ಇವತ್ತಿಗೂ ಹೇಳುತ್ತೇನೆ, ಅವರ ಬಾಯಿಗೆ ಮಣ್ಣು ಬೀಳಲಿ.

ಜಡಿಯನ್ನು ಲಂಗದ ಮಡಿಲಲ್ಲಿ ಹಾಕಿಕೊಂಡು ಮನೆಗೆ ಹೋದೆ. ಅವ್ವ ಕೂಲಿಗೆ ಹೋಗಿದ್ದಳು. ಆಯಿ ಬೈಯಲಿಲ್ಲ, ಹೊಡೆಯಲಿಲ್ಲ.

"ಖುದ್ದ ಮಾಸ್ತರ ಕೊಕಟನೂರಿಗೆ ಹೋಗಂದ್ರಾ?" ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ ಪೆಟ್ಟಿಗೆ ತೆಗೆದು, ಮುತ್ತು ಕಟ್ಟುವ ದಿನ ಉಡಿಸುವ ಹಸಿರು ಸೀರೆ, ಹಸಿರು ಬಳೆ ಹೊರಗಿಟ್ಟಳು. ಬಳೆ ನನ್ನ ಕೈಯ ಅಳತೆಯವೇ ಆಗಿದ್ದವು.