ಮರುಭೂಮಿಯಲ್ಲಿ ಒಂದು ಚಮಚ ಹೆಪ್ಪು

ಅಕ್ಕ ಹೋಗಿ ಎರಡು ತಿಂಗಳಾಗಿತ್ತು, ನನಗೆ ಅಳು ಬಂದಿರಲಿಲ್ಲ. ಟೆಕ್ಸಸ್ಸಿನ ಮರ್ಫಿ ಊರಿನಲ್ಲಿದ್ದ ಅವಳ ಮನೆಗೆ ಬಂದ ಆಂಟಿಯರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ‘ಅತ್ತುಬಿಡಮ್ಮ, ಮನಸ್ಸು ಹಗುರ ಆಗತ್ತೆ’ ಎಂದು ಒಬ್ಬರು ಬೆನ್ನು ಸವರಿದಾಗ ರೇಗಿಹೋಯಿತು. ಅಳು ಏನು ನಲ್ಲಿ ನೀರೇ, ತಿರುಗಿಸಿದ ಕೂಡಲೇ ಬರಲಿಕ್ಕೆ? ಪಕ್ಕದ ಊರು ಪ್ಲೇನೋದ ಆಫೀಸಿಗೆ ಹೋದೆ, ಮೀಟಿಂಗಿನಲ್ಲಿ ತಲೆಯಾಡಿಸಿದೆ, ಮನೆಗೆ ಬಂದು ಮಲಗಿದೆ. ಹೀಗೇ ದಿನಗಳು ಹೋಗುತ್ತಿದ್ದವು. ಏಪ್ರಿಲ್‌ನಲ್ಲಿ ಐದು ದಿನ ರಜೆ ಹಾಕಿ, ಪಶ್ಚಿಮ ಟೆಕ್ಸಸ್ಸಿನ ಮರುಭೂಮಿಯ ಕಡೆ ಒಬ್ಬಳೇ ಹೊರಟುಬಿಟ್ಟೆ. ಯಾವ ದಾರಿ, ಎಲ್ಲಿ ಉಳಿಯುವುದು, ಒಂದೂ ಯೋಚಿಸಿರಲಿಲ್ಲ.

ಹೊರಡುವ ಬೆಳಿಗ್ಗೆ ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಪ್ರಯಾಣ ಅಂದರೆ ಮೊಸರನ್ನ, ನಮ್ಮಲ್ಲಿ ಅದು ರೂಢಿ. ಮೆತ್ತಗೆ ಬೆಂದ ಅನ್ನಕ್ಕೆ ಹಾಲು ಜಾಸ್ತಿ, ಮೊಸರು ಕಡಿಮೆ. ದಾರಿಯಲ್ಲೇ ಅದು ಹದವಾಗಿ ಮೊಸರಾಗಬೇಕು. ಫ್ರಿಜ್ಜಿನಲ್ಲಿ ತಳಕ್ಕೆ ಉಳಿದಿದ್ದ ಮೊಸರನ್ನೆಲ್ಲ ಬಳಿದು ಹಾಕಿದೆ, ಸಾಸಿವೆ ಒಗ್ಗರಣೆ ಕೊಟ್ಟೆ, ಮೊಸರಿನ ಪಾತ್ರೆ ತೊಳೆದು ಬೋರಲು ಹಾಕಿದೆ. ಡಬ್ಬಿ ಐಸ್ ಬಾಕ್ಸಿಗೆ ಹೋಯಿತು.

ಮೊದಲ ದಿನ ಬರೀ ಹೈವೇ. ಸಿಕ್ಕಿದ ಮೋಟೆಲ್‌ನಲ್ಲಿ ಮಲಗಿ ಎದ್ದೆ. ಎರಡನೆಯ ದಿನ ಹೈವೇ ಬಿಟ್ಟು ಜಲ್ಲಿಕಲ್ಲಿನ ರಸ್ತೆಗೆ ಇಳಿದೆ, ಕಾರಣ ಏನೂ ಇಲ್ಲ, ಎಡಗಡೆ ಒಂದು ದಾರಿ ಕಂಡಿತು ಅಷ್ಟೇ. ಮುಳ್ಳುಗಿಡ, ತಂತಿ ಬೇಲಿ, ದೂರದಲ್ಲಿ ಬೋಳು ಗುಡ್ಡ. ಗಂಟೆಗೊಂದು ಟ್ರಕ್ ಎದುರಾದರೆ ಡ್ರೈವರ್ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಿದ್ದ, ನಾನೂ ಎತ್ತುತ್ತಿದ್ದೆ. ಫೋನಿನ ಸಿಗ್ನಲ್ ಹೋಗಿ ಎಷ್ಟು ಹೊತ್ತಾಗಿತ್ತೋ. ಅಷ್ಟು ದೊಡ್ಡ ಆಕಾಶ ನೋಡಿ ಏನಾದರೂ ಅನ್ನಿಸಬೇಕಿತ್ತು. ಚೆನ್ನಾಗಿದೆ ಅಂದುಕೊಂಡೆ, ಯಾವುದೋ ಅರ್ಜಿ ಫಾರ್ಮ್ ತುಂಬಿದ ಹಾಗೆ.

ಹನ್ನೆರಡರ ಸುಮಾರಿಗೆ ರಸ್ತೆ ಬದಿ ಕಾರು ನಿಲ್ಲಿಸಿ ಡಬ್ಬಿ ತೆರೆದೆ. ರುಚಿ ತಿಳಿಯಲಿಲ್ಲ, ತಿನ್ನುತ್ತಾ ಹೋದೆ. ತಳ ಕಾಣುವ ಹೊತ್ತಿಗೆ ಚಮಚ ನಿಂತುಬಿಟ್ಟಿತು. ಅಯ್ಯೋ ದೇವರೇ, ಹೆಪ್ಪು ತೆಗೆದಿಟ್ಟಿಲ್ಲ.

ಅದು ಅಕ್ಕನ ಹೆಪ್ಪು. ಇಪ್ಪತ್ತೆರಡು ವರ್ಷದ ಹಿಂದೆ ಮೈಸೂರಿನಿಂದ ಬರುವಾಗ, ಮನೆಯ ಮೊಸರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಚೂರನ್ನು ಪರ್ಸಿನಲ್ಲಿಟ್ಟುಕೊಂಡು ಬಂದವಳು ಅವಳು. ಅಂದಿನಿಂದ ಒಂದು ದಿನ ಬಿಡದೆ ಬೆಳೆಸಿದಳು. ನಾನು ವರ್ಷಕ್ಕೆ ನಾಲ್ಕು ಸಲ ಕೆಡಿಸಿಕೊಂಡು ಅವಳ ಬಾಗಿಲಿಗೆ ಹೋಗುತ್ತಿದ್ದೆ. ‘ಬಂದ್ಯಾ ತಾಯಿ? ಮನೆಹಾಳಿ, ಒಂದ್ ಹೆಪ್ಪು ಉಳಿಸ್ಕೊಳೋ ಯೋಗ್ಯತೆ ಇಲ್ಲ ನಿಂಗೆ’ ಎಂದು ಬೈಯುತ್ತಲೇ ಡಬ್ಬಿ ತುಂಬಿಸುತ್ತಿದ್ದಳು. ಈಗ ಆ ಬಾಗಿಲೂ ಇಲ್ಲ. ಭಾವ ಫ್ರಿಜ್ ಖಾಲಿ ಮಾಡಿ ಆಸ್ಟಿನ್‌ನಲ್ಲಿರುವ ಮಗಳ ಮನೆಗೆ ಶಿಫ್ಟ್ ಆಗಿದ್ದರು. ಉಳಿದಿದ್ದದ್ದು ನನ್ನ ಮನೆಯಲ್ಲಿ ಮಾತ್ರ, ಅದನ್ನೂ ತಿಂದು ಮುಗಿಸುತ್ತಿದ್ದೆ.

ಇನ್ನೊಂದು ಮಾತಿದೆ, ಯಾರಿಗೂ ಹೇಳಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ಸಂಜೆ ಅವಳು ಕಣ್ಣು ಬಿಟ್ಟು, ‘ಮನೇಲಿ ಹೆಪ್ಪು ಹಾಕಿದ್ಯೇನೇ?’ ಎಂದು ಕೇಳಿದಳು. ಎರಡು ದಿನದಿಂದ ಕುರ್ಚಿಯಲ್ಲೇ ಕೂತಿದ್ದೆ, ತಲೆ ಸಿಡಿಯುತ್ತಿತ್ತು. ‘ಹಾಳಾಗಿ ಹೋಗ್ಲಿ ನಿನ್ನ ಮೊಸರು! ಸುಮ್ನೆ ಮಲ್ಕೋ’ ಅಂದೆ. ಮಲಗಿದಳು. ಮತ್ತೆ ಏಳಲಿಲ್ಲ.

ಡಬ್ಬಿಯ ಮೂಲೆಯಲ್ಲಿ ಎರಡು ಚಮಚ ಮೊಸರನ್ನ ಉಳಿದಿತ್ತು. ಮುಚ್ಚಳ ಬಿಗಿಯಾಗಿ ಹಾಕಿ, ಐಸಿನ ಮೇಲಿಟ್ಟು ಕಾರು ಓಡಿಸಿದೆ. ನಲವತ್ತು ನಿಮಿಷದ ಮೇಲೆ ಒಂದು ಅಂಗಡಿ ಸಿಕ್ಕಿತು. ಪೆಟ್ರೋಲು, ಬಿಯರ್, ಮೀನಿನ ಗಾಳ, ಎಲ್ಲ ಒಂದೇ ಕಡೆ. ಪುಣ್ಯಕ್ಕೆ ಹಾಲೂ ಇತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ವಯಸ್ಸಾದ ಹೆಂಗಸನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿಕೊಡಿ ಎಂದು ಕೇಳಿದೆ. ಮಗುವಿಗಾ ಎಂದಳು. ಹೆಪ್ಪಿನ ಪುರಾಣ ಇಂಗ್ಲಿಷಿನಲ್ಲಿ ಯಾರು ಹೇಳುತ್ತಾರೆ? ಹೌದು ಅಂದೆ. ಅವಳು ಕಾರಿನ ಕಡೆ ಇಣುಕಿ ನೋಡಿ, ಮಗು ಕಾಣದೆ, ನನ್ನನ್ನು ಇನ್ನೊಮ್ಮೆ ನೋಡಿದಳು. ಆದರೂ ದೊಡ್ಡ ಮಗ್ಗಿನಲ್ಲಿ ಹಾಲು ಚೆನ್ನಾಗಿ ಕಾಯಿಸಿಯೇ ಕೊಟ್ಟಳು.

ಅಂಗಡಿಯ ಪಕ್ಕ ತಗಡಿನ ಚಪ್ಪರ, ಅದರಡಿ ಮರದ ಮೇಜು. ಹಾಲನ್ನು ಕಾರಿನಲ್ಲಿದ್ದ ಇನ್ನೊಂದು ಸ್ಟೀಲ್ ಡಬ್ಬಿಗೆ ಸುರಿದು ಆರಲು ಬಿಟ್ಟೆ. ಬೆರಳದ್ದಿ ನೋಡಿದೆ; ಉಗುರುಬೆಚ್ಚಗಾಗಿತ್ತು. ಮೊಸರನ್ನವನ್ನು ಕಿವುಚಿ ಬೆರೆಸಿದೆ, ಮುಚ್ಚಿ ಟವೆಲ್ ಸುತ್ತಿದೆ. ಇನ್ನು ಅಲ್ಲಾಡಿಸುವಂತಿಲ್ಲ. ಹೆಪ್ಪು ಹಾಕಿದ ಪಾತ್ರೆಯನ್ನು ಮುಟ್ಟಿದರೆ ಅಕ್ಕ ಕೈಮೇಲೆ ಹೊಡೆಯುತ್ತಿದ್ದಳು. ಆ ಜಲ್ಲಿ ರಸ್ತೆಯಲ್ಲಿ ಹೋದರಂತೂ ಮುಗಿದೇ ಹೋಯಿತು. ಅಲ್ಲೇ ಕೂತೆ.

ಒಂದು ಗಂಟೆ, ಎರಡು ಗಂಟೆ. ಒಂದು ನಾಯಿ ಬಂದು ಮೂಸಿ ಹೋಯಿತು. ಮೂರಕ್ಕೆ ಮುಚ್ಚಳ ತೆಗೆದು ಇಣುಕಿದೆ, ಇನ್ನೂ ಹಾಲು. ಫ್ರಿಜ್ಜಿನ ಹಾಲು ಹಾಕಿದ ಮೊಸರನ್ನ, ಒಗ್ಗರಣೆ ಬೇರೆ, ಎಲ್ಲಿ ಹೆಪ್ಪಾಗುತ್ತದೆ ಎಂದು ನನ್ನ ಮೇಲೇ ಸಿಟ್ಟು ಬಂತು. ಎರಡು ತಿಂಗಳಲ್ಲಿ ನನಗೆ ಏನಾದರೂ ಬೇಕು ಅನ್ನಿಸಿದ್ದು ಅದೇ ಮೊದಲು. ಆಗಲಿ, ಆಗಲಿ ಎಂದು ಆ ಡಬ್ಬಿಯನ್ನೇ ನೋಡುತ್ತಾ ಕೂತೆ. ಅಂಗಡಿಯಾಕೆ ಹೊರಗೆ ಬಂದು, ಯಾರಿಗಾದರೂ ಕಾಯುತ್ತಿದ್ದೀಯಾ ಎಂದು ಕೇಳಿದಳು. ಹೌದು ಅಂದೆ. ಈ ಸಲ ಸುಳ್ಳು ಹೇಳಿದಂತೆ ಅನ್ನಿಸಲಿಲ್ಲ.

ಬಿಸಿಲು ಹಳದಿಯಾಗುವ ಹೊತ್ತಿಗೆ, ಏಳರ ಹತ್ತಿರ, ಟವೆಲ್ ಬಿಡಿಸಿ ಡಬ್ಬಿಯನ್ನು ಒಂದಿಷ್ಟು ಓರೆ ಮಾಡಿದೆ. ಅಲ್ಲಾಡಲಿಲ್ಲ. ಗಟ್ಟಿಯಾಗಿ ಕೂತಿತ್ತು, ಮೇಲೆ ಒಂದು ಸಾಸಿವೆ ಕಾಳು, ಅಲ್ಲಲ್ಲಿ ಅನ್ನದ ಅಗುಳು. ನೋಡಿದ್ದರೆ ಅಕ್ಕ ‘ಥೂ, ಇದೂ ಒಂದು ಮೊಸರಾ’ ಎನ್ನುತ್ತಿದ್ದಳು.

‘ಹಾಕಿದೀನಿ ಕಣೇ’ ಅಂದೆ, ಗಟ್ಟಿಯಾಗಿ. ‘ಹೆಪ್ಪು ಹಾಕಿದೀನಿ, ಅಕ್ಕ.’

ತಿನ್ನುವ ಮುಂಚೆ ಒಂದು ಚಮಚ ತೆಗೆದು ಚಿಕ್ಕ ಡಬ್ಬಿಗೆ ಹಾಕಿ, ಐಸಿನ ಮೇಲಿಟ್ಟೆ. ಆಮೇಲೆ ಉಳಿದದ್ದನ್ನು ಬಾಯಿಗಿಟ್ಟುಕೊಂಡೆ. ಹುಳಿಯಾಗಿತ್ತು, ಅವಳ ಮನೆಯದ್ದೇ ಹುಳಿ. ಅಳು ಬಂತು. ಅಂಗಡಿಯಾಕೆ ಬಾಗಿಲಿಗೆ ಬಂದು ನೋಡಿ, ಒಳಗೆ ಹೋದಳು. ನಾನು ಅಳುತ್ತಾ ಅಳುತ್ತಾ ಡಬ್ಬಿ ಖಾಲಿ ಮಾಡಿದೆ.