ಆಯಿ ಅಂದ್ರ ಏನು

ಆಯಿಯ ಬಲಗೈ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಜೋಳದ ರೊಟ್ಟಿ ಬಡಿದು ಬಡಿದು ಸವೆದುಹೋಗಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ತಿಂಗಳಿಗೊಮ್ಮೆ ಆಕೆಯನ್ನು ಗುರುತಿಸಲು ಒಲ್ಲೆ ಎನ್ನುತ್ತಿತ್ತು. ಆಕೆ ಬೆರಳನ್ನು ಸೆರಗಿಗೆ ಒರೆಸಿ, ಬಾಯಿಯ ಹಬೆ ಊದಿ, ಮತ್ತೆ ಒತ್ತುತ್ತಿದ್ದಳು.

ಮೂಡಲಗಿಯಲ್ಲಿ ಈಗ ಬೇರೆಯೇ ಕಥೆ ಹೇಳುತ್ತಾರೆ. ಖಾನಾವಳಿ ಆಯಿಗೆ ಏಳು ಭಾಷೆ ಬರುತ್ತಿದ್ದವಂತೆ. ಊರೂರಿನವರೆಲ್ಲ ಬಳಗವಾಗಿ, ಒಂಟಿತನವೆಂದರೇನೆಂದು ಆಕೆಗೆ ಗೊತ್ತೇ ಇರಲಿಲ್ಲವಂತೆ. ಎರಡನ್ನೂ ನಾನು ಒಪ್ಪುವುದಿಲ್ಲ. ಆಕೆಗೆ ಬರುತ್ತಿದ್ದುದು ಕನ್ನಡ ಒಂದು, ಮರಾಠಿ ಅರ್ಧ. ಉಳಿದ ಭಾಷೆಗಳಿಂದ ಆಕೆ ಕೇಳಿ ಪಡೆದದ್ದು ಒಂದೇ ಶಬ್ದ, ಪ್ರತಿ ಸಲವೂ ಅದೇ ಶಬ್ದ. ಇನ್ನು ಬಳಗದ ಮಾತು. ಆ ವಿಷಯದಲ್ಲಿ ನಾನೇ ಸಾಕ್ಷಿ, ಆರೋಪಿಯೂ ನಾನೇ.

ನನ್ನೂರು ಹುಕ್ಕೇರಿ ಕಡೆಯ ಘೋಡಗೇರಿ. ಡಿಗ್ರಿ ಓದಲು ಮೂಡಲಗಿಯಲ್ಲಿ ಮೂರು ವರ್ಷ ಖೋಲಿ ಹಿಡಿದಿದ್ದೆ. ಎರಡು ಹೊತ್ತಿನ ಊಟ ಆಯಿಯ ಖಾನಾವಳಿಯಲ್ಲಿ. ಆಕೆಯ ಗಂಡ ತೀರಿ ಬಹಳ ಕಾಲವಾಗಿತ್ತು, ಮಕ್ಕಳಾಗಿರಲಿಲ್ಲ. ಊಟಕ್ಕೆ ಬರುತ್ತಿದ್ದವರು ಬೆಲ್ಲದ ಗಾಣದವರು, ಕಬ್ಬು ಕಡಿಯುವವರು, ಲಾರಿಯವರು. ನಮ್ಮ ಕಡೆ ಆಯಿ ಎಂದರೆ ಅಜ್ಜಿ, ಮರಾಠಿಯವರಿಗೆ ತಾಯಿ. ಹೀಗಾಗಿ ಯಾರ ಅಜ್ಜಿಯೂ ಯಾರ ತಾಯಿಯೂ ಅಲ್ಲದವಳನ್ನು ದಿನಕ್ಕೆ ನೂರು ಸಲ ಆಯಿ ಎಂದು ಕರೆಯುತ್ತಿದ್ದರು.

ಒಂದು ಸುಗ್ಗಿಯಲ್ಲಿ ಕಬ್ಬು ಕಟಾವಿನ ಯಂತ್ರ ನಡೆಸಲು ತಮಿಳುನಾಡಿನ ಡ್ರೈವರ್ ಒಬ್ಬ ಬಂದಿದ್ದ. ಎಲ್ಲರೂ ರೊಟ್ಟಿ ಕೈಯಲ್ಲಿ ಹಿಡಿದು "ಆಯಿ, ಆಯಿ" ಅನ್ನುವುದನ್ನು ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ. ಕೇಳಿದರೆ, ಅವರ ಕಡೆ ಎಳೆ ಮಕ್ಕಳು ಸಂಡಾಸಕ್ಕೆ ಹಾಗೆ ಅನ್ನುತ್ತವಂತೆ. ಒಂದಿಬ್ಬರು ತಾಟು ದೂಡಿದರು. ಆಯಿ ಮಾತ್ರ ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹಂಗಾರ ಊಟಕ್ಕ ಕುಂತಾಗ ಅಂವಾ ನನ್ನ ಕರೀಬಾರದಪಾ. ಕರದ್ರ ಬಾಜೂಕಿನವ ಎದ್ದ ಹೋದಾನು."

ಅಂದಿನಿಂದ ಹೊಸಬರು ಬಂದರೆ ತಾಟು ಇಡುವ ಮೊದಲೇ ಅದೇ ಪ್ರಶ್ನೆ. "ನಿಮ್ಮ ಕಡೆ ಆಯಿ ಅಂದ್ರ ಏನು?"

ಗಾಣದಲ್ಲಿ ಬೆಲ್ಲ ಕಾಯಿಸುವ ಉತ್ತರಪ್ರದೇಶದವನೊಬ್ಬ ಹರಕು ಕನ್ನಡದಲ್ಲಿ ಹೇಳಿದ. "ಆಯೀ ಬೋಲೆ ತೋ ಬಂದಳು, ಆಯಿ."

"ಯಾರ ಬಂದ್ಳು? ನಮ್ಮನಿಗೆ ಯಾರ ಬರ್ತಾರೋ? ನೀವ ಬರಾವ್ರು, ತಿಂದ ಹೋಗಾವ್ರು."

ಉಳಿದದ್ದನ್ನು ಹುಡುಕುವ ಕೆಲಸ ನನ್ನ ಫೋನಿನದು. ಒಲೆಯ ಎದುರು ಕುಳಿತು ಓದಿ ಹೇಳುತ್ತಿದ್ದೆ. "ಚೀನಾದಾಗ ಸ್ವಲ್ಪ ಗಿಡ್ಡ ಮಾಡಿ ಅಂತಾರ್ರಿ, ಅಲ್ಲಿ ಪ್ರೀತಿ ಅಂತರ್ಥ. ಜಪಾನದವ್ರು ಅದನ್ನ ಅವರ ಕಡಿಂದನ ಇಸ್ಕೊಂಡಾರ. ವಿಯೆಟ್ನಾಮದಾಗ ಯಾರು ಅನ್ನಾಕ ಹಂಗ ಅಂತಾರ."

"ಯಾರು ಅಂತ ಕೇಳಾಕ?"

"ಹೌದ್ರಿ."

ಆಕೆಯ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಮೂರು ವರ್ಷಗಳಲ್ಲಿ ಆಕೆ ಹೊತ್ತಿಸಿದ ಒಂದೇ ರೊಟ್ಟಿ ಅದು. ಆಮೇಲೆ ನಿಧಾನಕ್ಕೆ ಕೇಳಿದಳು. "ಬುಡದಾಗ ಇವೆಲ್ಲಾ ಒಂದ ಇರಬೇಕಲ್ಲ?"

ಆ ವರ್ಷ ನಾನು ಗೋಕಾಕದ ಚರ್ಚಾಸ್ಪರ್ಧೆಯಿಂದ ಬಹುಮಾನದ ಢಾಲು ಗೆದ್ದು ತಂದಿದ್ದೆ. ಸುಮ್ಮನಿರುವುದು ಹೇಗೆಂದು ಗೊತ್ತಿರಲಿಲ್ಲ. ಮನುಷ್ಯರ ಬಾಯಿಗೆ ಸಲೀಸಾಗಿ ಬರುವ ಸದ್ದುಗಳೇ ಕೆಲವು, ಸಣ್ಣ ಶಬ್ದಗಳು ಒಂದನ್ನೊಂದು ಹೋಲುವುದು ಬರೀ ಆಕಸ್ಮಿಕ, ಹಿಂದಿಯದು ಬರು ಎಂಬ ಕ್ರಿಯಾಪದದಿಂದ ಹುಟ್ಟಿದ್ದು, ಚೀನಾದ್ದಕ್ಕೆ ಅದರದೇ ಬೇರು ಎಂದು ಬೆರಳು ಮಡಿಸಿ ಮಡಿಸಿ ಹೇಳಿದೆ.

"ಅಂದ್ರ ಒಂದಕ್ಕೊಂದು ಏನೂ ಆಗೂದಿಲ್ಲ?"

"ಏನೂ ಆಗೂದಿಲ್ರಿ, ಆಯಿ."

"ಆದ್ರೂ ಯಾವಂವ ಕರದ್ರೂ ನಾ ತಿರಗಿ ನೋಡ್ತೇನಲ್ಲ, ವಕೀಲಬಾಯಿ."

"ಅದು ಪುರಾವೆ ಅಲ್ರಿ."

ಆಕೆ ನಕ್ಕು ಮುಂದಿನ ಹಿಟ್ಟಿನ ಉಂಡೆ ಎತ್ತಿಕೊಂಡಳು. ಗೆದ್ದೆ ಅಂದುಕೊಂಡೆ.

ಸುಗ್ಗಿ ಮುಗಿದರೆ ಖಾನಾವಳಿ ಬರಿದಾಗುತ್ತಿತ್ತು. ಮೊದಲ ಕೆಲವು ದಿನ ಆಕೆಯ ಕೈ ರೂಢಿಯಂತೆ ಅಷ್ಟೇ ರೊಟ್ಟಿ ಬಡಿಯುತ್ತಿತ್ತು. ತಿನ್ನುವವರಿಲ್ಲದೆ ಅವನ್ನು ಒಣಗಿಸಿ ಒಟ್ಟುತ್ತಿದ್ದಳು. ಸಂಜೆ ಎಲ್ಲಿಗೋ ಹೋಗಿಬರುತ್ತಿದ್ದಳು. ಎಲ್ಲಿಗೆಂದು ಒಮ್ಮೆ ಕೇಳಿದೆ.

"ಬಸ್‌ಸ್ಟ್ಯಾಂಡಿಗೆ."

"ಯಾರರ ಬರಾವ್ರ ಇದ್ರೇನ್ರಿ?"

"ಯಾರಿಲ್ಲ. ಮಹಾರಾಷ್ಟ್ರದ ಗಾಡಿ ಬರ್ತಾವಲ್ಲ, ಅದರಾಗಿನ ಹುಡುಗ್ರು ಆಯೀ ಅಂತ ಒದರ್ತಾವ. ತಿರಗಿ ನೋಡ್ತೇನಿ. ನನಗಲ್ಲ ಅಂತ ಗೊತ್ತಿರ್ತೈತಿ. ಕುತ್ತಿಗಿ ಕೇಳಬೇಕಲ್ಲ."

ಇದನ್ನು ಕಿವಿಯಾರೆ ಕೇಳಿದೆ. ಆದರೂ ಏನನ್ನೂ ಕಲಿಯಲಿಲ್ಲ.

ಕಳೆದ ಮಳೆಗಾಲದ ಹೊತ್ತಿಗೆ ಒಲೆಯ ಹೊಗೆ ಆಕೆಯ ಎದೆಗೆ ಕುಳಿತಿತ್ತು. ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತಿತ್ತು. ನಾನೇ ಗೋಕಾಕಕ್ಕೆ ಕರೆದುಕೊಂಡು ಹೋಗಿ ದವಾಖಾನೆಗೆ ಸೇರಿಸಿದೆ. ಕೌಂಟರಿನವನು ಫಾರ್ಮು ಕೊಟ್ಟು ಕೇಳಿದ. "ಪೇಶಂಟಿಗೆ ನೀವ್ ಏನ ಆಗಬೇಕ್ರಿ?"

ರೋಗಿಯೊಂದಿಗಿನ ಸಂಬಂಧ ಎಂಬ ಸಾಲಿನ ಮುಂದೆ ಪೆನ್ನು ಹಿಡಿದು ನಿಂತೆ. ಮೊಮ್ಮಗಳು ಎಂದು ಬರೆದರೆ ಸುಳ್ಳು. ಸಾಬೀತಾಗದ್ದನ್ನು ಬರೆಯಬಾರದು ಎಂಬುದು ನಾನು ಕಲಿತ ವಿದ್ಯೆ. ದುಂಡಗೆ, ಸ್ಪಷ್ಟವಾಗಿ ಬರೆದೆ: "ಇಲ್ಲ. ಖಾನಾವಳಿಯಲ್ಲಿ ಊಟ ಮಾಡುವವಳು."

ಗಾಲಿಕುರ್ಚಿಯಲ್ಲಿ ಕೂತ ಆಯಿಯ ತೊಡೆಯ ಮೇಲೆ ಆ ಫಾರ್ಮಿದ್ದ ಫೈಲು ಇಟ್ಟರು. ನಾಲ್ಕನೇ ಇಯತ್ತೆ ಓದಿದ್ದ ಆಯಿ ಯಾವ ಕಾಗದ ಸಿಕ್ಕರೂ ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸಿ ಓದುತ್ತಿದ್ದಳು. ಅಂದೂ ಬೆರಳು ಸರಿಯಿತು. ತುಟಿ ಅಲುಗಲಿಲ್ಲ.

"ಅಕ್ಷರ ಭಾಳ ಚಂದ ಅದಾವ ಯವ್ವಾ ನಿನ್ನವು," ಎಂದಳು. ಫೈಲು ಮುಚ್ಚಿ, "ನೀ ಊರಿಗೆ ಹೋಗು. ಹುಕ್ಕೇರಿ ಬಸ್ಸು ತಪ್ಪೀತು."

ಹೋದೆ. ಹೋಗು ಎಂದಳಲ್ಲ ಎಂದು ಹೋದೆ.

ಮೂರನೆಯ ದಿನ ಬೆಳಿಗ್ಗೆ ಆಯಿ ಹೋದಳು. ನಾನು ತಲುಪುವಷ್ಟರಲ್ಲಿ ಸುಗ್ಗಿ ಮುಗಿದರೂ ಗಾಣ ಕಾಯಲು ಉಳಿದಿದ್ದ ಆ ಉತ್ತರಪ್ರದೇಶದವನು ಬಂದು ಸಹಿ ಮಾಡಿ, ಟೆಂಪೊ ಹೇಳಿ, ಆಕೆಯನ್ನು ಮೂಡಲಗಿಗೆ ಒಯ್ದಿದ್ದ. ಕೌಂಟರಿನವನು ಕಾಗದ ತೋರಿಸಿದ. ಸಂಬಂಧದ ಸಾಲಿನ ಮುಂದೆ ಒಂದೇ ಶಬ್ದ, ಮಗ.

"ಖರೇನ ಮಗಾ ಏನ್ರಿ ಅಂವಾ? ಭಾಷಾನ ಬ್ಯಾರೆ ಇತ್ತಲ್ಲ," ಎಂದು ಅವನು ಕೇಳಿದ.

"ಹೌದ್ರಿ," ಎಂದೆ. ಪುರಾವೆಯಿಲ್ಲದೆ ನಾನು ಆಡಿದ ಮೊದಲ ಮಾತು ಅದು.

ಮಣ್ಣು ಕೊಟ್ಟಾದ ಮೇಲೆ ಗಾಣದವನನ್ನು ಕೇಳಿದೆ, ಹಾಗೇಕೆ ಬರೆಸಿದೆ ಎಂದು. ಕೈಗೆ ಹತ್ತಿದ ಮಣ್ಣು ತಿಕ್ಕುತ್ತ ಹೇಳಿದ. "ಜಾಗಾ ಖಾಲಿ ಇತ್ತು ದೀದಿ. ತುಂಬಿದೆ."

ಈಗ ನಾನು ಹುಕ್ಕೇರಿಯಲ್ಲಿದ್ದೇನೆ. ಬಸ್‌ಸ್ಟ್ಯಾಂಡಿನಲ್ಲಿ ಮಹಾರಾಷ್ಟ್ರದ ಗಾಡಿಯಿಂದ ಇಳಿದ ಮಗು ಆಯೀ ಎಂದು ಕೂಗಿದರೆ ಸುತ್ತ ನೋಡುತ್ತೇನೆ, ಯಾವ ಮುದುಕಿಯಾದರೂ ತಿರುಗಿದಳೇ ಎಂದು. ಬರೆದದ್ದು ಸುಳ್ಳಲ್ಲ ಎಂದು ಇಂದಿಗೂ ಸಾಧಿಸಬಲ್ಲೆ. ಯಾರೂ ವಾದಕ್ಕೆ ಬರುತ್ತಿಲ್ಲ. ಕೇಳುವುದು ಒಂದೇ ಉಳಿದಿದೆ, ಅದನ್ನು ಆಕೆಯನ್ನೇ ಕೇಳಬೇಕು.

ಆಯಿ, ಅವತ್ತ ಆ ಕಾಗದದ ಮ್ಯಾಲ ನಿನ್ನ ಬೆರಳು ಎಲ್ಲೀತನಾ ಹೋಗಿತ್ತು?