ತೂಬಿನ ಕೆಲಸದಲ್ಲಿ ಕಿವಿಗೆ ಹತ್ತಿದ ಸದ್ದು

ಸಿಂಧನೂರಿನ ಹತ್ತಿರದ ಒಂದು ಉಪಕಾಲುವೆಯ ಮೇಲೆ ನಾನು ಏಳು ವರ್ಷ ನೀರುಗಂಟಿಯಾಗಿದ್ದೆ. ತೂಬು ಏರಿಸುವುದು, ಇಳಿಸುವುದು, ದಿನಕ್ಕೆರಡು ಸಲ ನೀರಿನ ಮಟ್ಟ ನೋಡಿ ಬರೆದಿಡುವುದು, ಇಷ್ಟೇ ಕೆಲಸ. ಮೊದಮೊದಲು ಎಲ್ಲರೂ ಜೋಳ, ಹತ್ತಿ ಹಾಕುತ್ತಿದ್ದಾಗ ನೀರು ಸಾಲುತ್ತಿತ್ತು. ಆಮೇಲೆ ಮೇಲ್ಭಾಗದವರು ಒಬ್ಬರನ್ನು ನೋಡಿ ಒಬ್ಬರು ನೆಲ್ಲು ಹಚ್ಚಿದರು. ಕೆಳಭಾಗದ ಹೊಲಗಳಿಗೆ ನೀರು ಮುಟ್ಟುವುದೇ ಅಪರೂಪವಾಯಿತು.

ಕೆಳಗಿನವರು ಬೆಳಗಾದರೆ ನನ್ನ ಮನೆ ಮುಂದೆ ಬಂದು ನಿಲ್ಲುತ್ತಿದ್ದರು. ತೂಬು ಎಷ್ಟು ಎತ್ತಬೇಕೆಂಬುದಕ್ಕೆ ನೀರಾವರಿ ಕಚೇರಿಯಿಂದ ಹುಕುಂ ಬರುತ್ತಿತ್ತು. ನನ್ನ ಹತ್ತಿರ ಇದ್ದದ್ದು ಕೀಲಿ ಮಾತ್ರ. ಹಾಗಂದರೆ ಯಾರೂ ನಂಬುತ್ತಿರಲಿಲ್ಲ. ಕಾಲುವೆಯ ಏರಿ ಕೊರೆದು ಕದ್ದು ಇಟ್ಟ ಪೈಪುಗಳನ್ನು ನಾನು ಮುಚ್ಚಿಬಂದರೆ ಮರುದಿನ ಮತ್ತೆ ತೆರೆದಿರುತ್ತಿದ್ದವು. ಒಮ್ಮೆ ಒಬ್ಬ ನನ್ನ ಅಂಗಿಯ ಕಾಲರ್ ಹಿಡಿದು ಜಗ್ಗಾಡಿದ.

ಆ ದಿನ, ಬೈದವರೆಲ್ಲ ಹೋದ ಮೇಲೂ ನನ್ನ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದೊಂದು ಉಳಿಯಿತು. ತೂಬಿನಿಂದ ಧುಮುಕುವ ನೀರಿನದೆಂದುಕೊಂಡೆ. ತೂಬು ಮುಚ್ಚಿದರೂ ನಿಲ್ಲಲಿಲ್ಲ. ಹೆಂಡತಿಯನ್ನು ಕೇಳಿದೆ, ತನಗೇನೂ ಕೇಳುತ್ತಿಲ್ಲ ಎಂದಳು. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ನಾಲ್ಕು ದಿನ ಕಿವಿಗೆ ಬಿಟ್ಟಳು. ಏನೂ ಆಗಲಿಲ್ಲ.

ಸಾಲಗುಂದದ ಆಚೆಯಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಆಕೆಯ ಗಂಡ ಬಂಡಿಯಿಂದ ಬಿದ್ದು ಟೊಂಕ ಮುರಿದುಕೊಂಡು ಮಲಗಿದ್ದ. ಎರಡೆಕರೆ ನೆಲ್ಲು ಈಕೆಯ ಕೈ ಮೇಲೆಯೇ ನಡೆದಿತ್ತು. ಆಕೆ ಬೈಯುತ್ತಿರಲಿಲ್ಲ. ಬೇವಿನ ಗಿಡದ ನೆರಳಿಗೆ ಕುಳಿತು, ಇವತ್ತಾದರೂ ನೀರು ಬರುತ್ತದೆಯೇ ಎಂದು ಕೇಳುತ್ತಿದ್ದಳು. ನಾಳೆ ಬರಬಹುದು ಎನ್ನುತ್ತಿದ್ದೆ. ಎದ್ದು ಹೋಗುತ್ತಿದ್ದಳು. ಬೈಗುಳ ತಿಂದಾಗ ಸದ್ದು ಏರುತ್ತಿದ್ದದ್ದು ನಿಜ. ಆದರೆ ಏರಿಯ ಮೇಲೆ ಈಕೆ ನಡೆದು ಬರುವುದು ಕಂಡರೆ ಅದು ತಲೆಯೆಲ್ಲ ತುಂಬಿಕೊಳ್ಳುತ್ತಿತ್ತು.

ಲಿಂಗಸುಗೂರಿನ ಬಸ್ಸು ಹತ್ತಿ ಅಲ್ಲಿನ ಡಾಕ್ಟರರಿಗೆ ತೋರಿಸಿದೆ. ಬ್ಯಾಟರಿ ಬಿಟ್ಟು ನೋಡಿದರು, ಗುಗ್ಗೆ ತೆಗೆದರು, ಕೆಲಸ ಏನೆಂದು ಕೇಳಿದರು. ನಾನು ಎಲ್ಲ ಹೇಳಿದೆ.

"ಕಿವಿ ಚಲೋ ಅದ. ಚಿಂತಿ ಹೆಚ್ಚಾದಂಗ ಆ ಸದ್ದೂ ಹೆಚ್ಚಾಗ್ತದ. ಇದಕ್ಕ ನನ್ನತ್ರ ಗುಳಿಗಿ ಇಲ್ಲ, ಚಿಂತಿ ಕಮ್ಮಿ ಮಾಡ್ಕೊಳ್ರಿ," ಎಂದರು.

"ಹ್ಯಾಂಗ್ ಮಾಡ್ಲಿರಿ?" ಎಂದೆ.

ಅವರು ಮುಂದಿನವರನ್ನು ಕರೆದರು.

ಅದೇ ವಾರ ಆಕೆ ಮತ್ತೆ ಬಂದಳು. ನೆಲ್ಲು ಹೊಡೆಗೆ ಬಂದಿದೆ, ತೆನೆ ಹೊರಡುವ ಹೊತ್ತು, ಒಂದು ನೀರು ಸಿಕ್ಕರೆ ಉಳಿಯುತ್ತದೆ ಎಂದದ್ದಷ್ಟೇ ಕೇಳಿಸಿತು. ಆಮೇಲೆ ಅವಳ ತುಟಿ ಆಡುವುದು ಕಂಡಿತೇ ಹೊರತು ಮಾತು ಕೇಳಲಿಲ್ಲ. ಇನ್ನೊಮ್ಮೆ ಹೇಳು ಎನ್ನಲು ನಾಚಿಕೆಯಾಗಿ, ಹೂಂ ಎಂದು ತಲೆಯಾಡಿಸಿದೆ. ಆಕೆ ಎದ್ದು, ಎರಡೂ ಕೈ ಮುಗಿದು, ಬಿರಬಿರನೆ ಹೋದಳು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಇವತ್ತ ಸಂಜಿಗೆ ನೀರು ಬಿಡ್ತೀನಂತ ಆಕಿಗೆ ಯಾಕ ಮಾತು ಕೊಟ್ರಿ?" ಎಂದಳು.

ಸೈಕಲ್ ತೆಗೆದುಕೊಂಡು ಏರಿಯುದ್ದಕ್ಕೂ ಹೋದೆ. ಆಕೆ ಹೊಲಗಳಲ್ಲಿ ಅಡ್ಡಹಾದಿ ಹಿಡಿದಿದ್ದಳು, ಸಿಗಲಿಲ್ಲ. ಸಂಜೆ ಹುಕುಂ ಮೀರಿ ತೂಬನ್ನು ನಾಲ್ಕು ಬೆರಳು ಹೆಚ್ಚು ಎತ್ತಿದೆ. ಆ ನೀರನ್ನೂ ದಾರಿಯ ಪೈಪುಗಳೇ ಕುಡಿದವು.

ಮರುದಿನ ಅವಳ ಹೊಲಕ್ಕೆ ಹೋದೆ. ಗುದ್ದಲಿಯಿಂದ ಮಡಿಗಳ ಬಾಯಿ ಬಿಡಿಸಿಟ್ಟು ಬದುವಿನ ಮೇಲೆ ಕುಳಿತಿದ್ದಳು. ಅಲ್ಲಿ ಕಾಲುವೆಯ ತಳದ ಮಣ್ಣು ಒಣಗಿ ಒಡೆದಿತ್ತು. ನನ್ನ ಕಿವಿಯ ಸಂಗತಿ ಹೇಳಿದೆ, ನೀನು ಅಂದದ್ದು ಕೇಳಿಸಲಿಲ್ಲವ್ವಾ ಎಂದೆ.

"ಮನಿಯಾಗ ಅವರಿಗೆ ಹೇಳಿಬಿಟ್ಟೀನ್ರಿ, ನೀರು ಬರ್ತದಂತ," ಎಂದಳು.

ಆ ನೆಲ್ಲು ಕಾಳು ಕಟ್ಟಲಿಲ್ಲ, ದನಕ್ಕೆ ಮೇವಾಯಿತು. ಆಕೆ ಮತ್ತೆ ನನ್ನ ಮನೆಗೆ ಬರಲಿಲ್ಲ. ನಾನು ಮೇಲಧಿಕಾರಿಗಳ ಕೈಕಾಲು ಹಿಡಿದು ಮಸ್ಕಿಯ ಕಡೆ ಇಲಾಖೆಯ ಸಾಮಾನಿನ ಕೋಣೆಗೆ ಬದಲಿ ಮಾಡಿಸಿಕೊಂಡೆ. ಅಲ್ಲಿ ನನ್ನನ್ನು ನೀರು ಕೇಳುವವರಿರಲಿಲ್ಲ. ಸದ್ದು ಇಳಿಯಿತು, ಕೆಲವು ದಿನ ಮರೆತೇ ಇರುತ್ತಿದ್ದೆ. ಆದರೆ ಪೂರಾ ಹೋಗಲಿಲ್ಲ. ಈಗಲೂ ಮನೆಯಲ್ಲಿ ಇಬ್ಬರು ದನಿ ಏರಿಸಿದರೆ ಎಡಗಿವಿ ಶುರುವಾಗುತ್ತದೆ. ಅದು ತಾನಾಗಿ ಇಳಿಯುವವರೆಗೆ ನಾನು ಸುಮ್ಮನೆ ಕುಳಿತಿರುತ್ತೇನೆ.